ರೇಸಿನಿಂದ ಹೊರಬಿದ್ದ ಕುದುರೆಗಳಿಗೆ ಆಶ್ರಯ ಲಾಯ: ಇದನ್ನೇ ಜೀವನೋಪಾಯ ಮಾಡಿಕೊಳ್ಳಬಹುದೇ?

ಪ್ರಶ್ನೆ: ಹಾರೋಹಳ್ಳಿ_ಬಯಲು

ಎಲ್ಲರಿಗೂ ನಮಸ್ಕಾರ. ಕುದುರೆಗಳೆಂದರೆ ನನಗೆ ಚಿಕ್ಕಂದಿನಿಂದಲೂ ಪ್ರಾಣ. ಬೆಂಗಳೂರಿನ ಒಂದು ಸವಾರಿ ಶಾಲೆಯಲ್ಲಿ ಹಲವು ವರ್ಷ ಕಲಿತಿದ್ದೇನೆ. ರಜಾ ದಿನಗಳಲ್ಲಿ ಅಲ್ಲಿನ ಲಾಯದ ಕೆಲಸಕ್ಕೂ ನಿಲ್ಲುವುದರಿಂದ ಮೈ ಉಜ್ಜುವುದು, ಗೊರಸಿನ ಸಂದಿಯ ಕೆಸರು ಕೆದಕುವುದು, ಜೀನು ಬಿಗಿಯುವುದು ಇವೆಲ್ಲ ಕೈಗೆ ಹತ್ತಿವೆ. ರೇಸಿನಲ್ಲಿ ಕೆಲವು ವರ್ಷ ಓಡಿ, ಮುಂಗಾಲಿನ ಸ್ನಾಯುರಜ್ಜು ಏಟು ತಿಂದ ಕೂಡಲೇ ಕೈಯಿಂದ ಕೈಗೆ ದಾಟುತ್ತ ಕೊನೆಗೆ ಮದುವೆಯ ಮೆರವಣಿಗೆಗೋ ಗಾಡಿಗೋ ಸೇರುವ ಕುದುರೆಗಳನ್ನು ಕಂಡು ಸುಮ್ಮನಿರಲು ನನ್ನಿಂದ ಆಗುತ್ತಿಲ್ಲ. ಕುದುರೆ 25ರಿಂದ 30 ವರ್ಷ ಬಾಳಬಲ್ಲ ಪ್ರಾಣಿ. ಆರೇಳನೆಯ ವಯಸ್ಸಿಗೇ ಅದು ಯಾರಿಗೂ ಬೇಡವಾದರೆ ಉಳಿದ ಆಯುಷ್ಯವನ್ನು ಎಲ್ಲಿ ಕಳೆಯಬೇಕು?

ಕನಕಪುರ ರಸ್ತೆಯಲ್ಲಿ, ಹಾರೋಹಳ್ಳಿಯ ಆಚೆ ನಮ್ಮ ಕುಟುಂಬಕ್ಕೆ ಮೂರು ಎಕರೆ ಜಮೀನು ಮತ್ತು ಒಂದು ಕೊಳವೆಬಾವಿ ಇದೆ. ಅಲ್ಲಿ ಲಾಯ ಕಟ್ಟಿಸಿ, ಇಂತಹ ಹತ್ತು ಕುದುರೆಗಳನ್ನು ತಂದು ಸಾಕಿ, ಅವುಗಳ ಮೇಲೆಯೇ ವಾರಾಂತ್ಯದಲ್ಲಿ ಮಕ್ಕಳಿಗೆ ಸವಾರಿ ಕಲಿಸಿ, ಬರುವ ಶುಲ್ಕದಿಂದ ಲಾಯವನ್ನೂ ನನ್ನ ಮನೆಯನ್ನೂ ನಡೆಸಬೇಕೆಂಬುದು ನನ್ನ ಯೋಜನೆ. ಸಾಫ್ಟ್‌ವೇರ್ ಕೆಲಸಕ್ಕೆ ರಾಜೀನಾಮೆ ಕೊಡುವ ಯೋಚನೆಯೂ ಇದೆ. ಜಮೀನಿನಲ್ಲಿ ಈಗಾಗಲೇ ಹಸುಗಳಿಗೆಂದು ನೇಪಿಯರ್ ಹುಲ್ಲು ಬೆಳೆದಿರುವುದರಿಂದ ಮೇವಿನ ಚಿಂತೆ ಇರಲಾರದು ಎಂದುಕೊಂಡಿದ್ದೇನೆ. ಈ ಯೋಜನೆ ನಿಲ್ಲುತ್ತದೆಯೇ? ಸಂಸ್ಥೆಯನ್ನು ಯಾವ ರೂಪದಲ್ಲಿ ನೋಂದಾಯಿಸಬೇಕು? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ: ಪಶುವೈದ್ಯೆ_ತುಮಕೂರು

ನಿಮ್ಮ ಕಳಕಳಿ ದೊಡ್ಡದು. ಆದರೆ ಮೇವಿನ ಚಿಂತೆ ಇಲ್ಲ ಎಂಬ ಮಾತನ್ನು ಮೊದಲು ಕೈಬಿಡಿ, ಏಕೆಂದರೆ ಇಂತಹ ಲಾಯಗಳು ಎಡವುವುದು ಬಹುಪಾಲು ಅಲ್ಲಿಯೇ. ನೇಪಿಯರ್ ಹುಲ್ಲಿನಲ್ಲಿ ಆಕ್ಸಲೇಟ್ ಹೆಚ್ಚು. ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಒಡೆದು ಹಾಕುತ್ತವೆ. ಕುದುರೆಗೆ ಅಂತಹ ಹೊಟ್ಟೆಯೇ ಇಲ್ಲದ ಕಾರಣ ಆ ಆಕ್ಸಲೇಟ್ ಮೇವಿನಲ್ಲಿರುವ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ಲದ್ದಿಯೊಂದಿಗೆ ಹೊರಹೋಗುತ್ತದೆ. ಅದರ ಮೇಲೆ ರಂಜಕ ಹೆಚ್ಚಿರುವ ಗೋಧಿ ಬೂಸಾವನ್ನೂ ಧಾರಾಳವಾಗಿ ಹಾಕಿದರೆ ದೇಹವು ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳಲು ತೊಡಗುತ್ತದೆ, ಕೆಲವು ತಿಂಗಳಲ್ಲಿ ಕುದುರೆ ಕುಂಟಲಾರಂಭಿಸುತ್ತದೆ, ಮುಖದ ಮೂಳೆ ಎರಡೂ ಬದಿಗೆ ಉಬ್ಬುತ್ತದೆ. ಆದ್ದರಿಂದ ನೇಪಿಯರ್ ಅನ್ನೇ ಮುಖ್ಯ ಮೇವು ಮಾಡಬೇಡಿ. ಒಂದು ಎಕರೆಯಲ್ಲಾದರೂ ರೋಡ್ಸ್ ಹುಲ್ಲು ಹಾಕಿ, ಕುದುರೆ ಮಸಾಲೆ (ಲೂಸರ್ನ್) ಸೊಪ್ಪನ್ನು ಜೊತೆಗೆ ಬೆಳೆಯಿರಿ. ಹಸುಗಳಿಗೆ ತರುವ ಹಿಂಡಿ ಆಹಾರದ ಚೀಲವನ್ನು ಲಾಯದ ಹತ್ತಿರವೂ ಇಡಬೇಡಿ, ಕೆಲವು ಜಾನುವಾರು ಮತ್ತು ಕೋಳಿ ಆಹಾರಗಳಿಗೆ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಕುದುರೆಯ ಹೃದಯಕ್ಕೆ ಪ್ರಾಣಾಂತಿಕ.

ಪ್ರಮಾಣದ ಲೆಕ್ಕ ಹೀಗಿದೆ. 450 ಕಿಲೋ ತೂಕದ ಕುದುರೆಗೆ ದಿನಕ್ಕೆ ಅದರ ತೂಕದ ಶೇಕಡ 2ರಷ್ಟು, ಅಂದರೆ 9 ಕಿಲೋ ಒಣಮೇವು ಬೇಕು. ವರ್ಷಕ್ಕೆ ಅದು ಮೂರು ಟನ್ನು ದಾಟುತ್ತದೆ. ನೀರು ದಿನಕ್ಕೆ 25ರಿಂದ 40 ಲೀಟರ್, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಗೊರಸನ್ನು ಆರರಿಂದ ಎಂಟು ವಾರಕ್ಕೊಮ್ಮೆ ಕೆತ್ತಿಸಬೇಕು, ವರ್ಷಕ್ಕೊಮ್ಮೆ ಹಲ್ಲಿನ ಚೂಪು ಅಂಚುಗಳನ್ನು ಉಜ್ಜಿಸಬೇಕು, ಧನುರ್ವಾಯುವಿನ ಲಸಿಕೆ ತಪ್ಪಬಾರದು. ಇವುಗಳನ್ನು ನಿಮ್ಮೂರಿನ ದರದಿಂದ ಗುಣಿಸಿ, ಬಂದ ಮೊತ್ತವನ್ನು ಹತ್ತರಿಂದ ಗುಣಿಸಿದ ಮೇಲೆಯೇ ರಾಜೀನಾಮೆಯ ವಿಚಾರ ಮಾಡಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಪಕ್ಕೆಲುಬು ಎಣಿಸುವಂತೆ ಬಡಕಲಾದ ಕುದುರೆ ಮನೆಗೆ ಬಂದ ದಿನ ಯಾರಿಗೇ ಆದರೂ ಹುರುಳಿ ಬೇಯಿಸಿ ಬೆಲ್ಲ ಸೇರಿಸಿ ಬಾನಿ ತುಂಬ ಹಾಕಬೇಕೆನಿಸುತ್ತದೆ. ಹಾಗೆ ಮಾಡಬೇಡಿ. ಬಹುಕಾಲ ಉಪವಾಸವಿದ್ದ ದೇಹಕ್ಕೆ ಪಿಷ್ಟ ಮತ್ತು ಸಕ್ಕರೆ ಒಮ್ಮೆಲೇ ಸೇರಿದರೆ ರಕ್ತದಲ್ಲಿನ ರಂಜಕ, ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂ ಜೀವಕೋಶಗಳೊಳಗೆ ಧಾವಿಸಿ ರಕ್ತದಲ್ಲಿ ಅವುಗಳ ಮಟ್ಟ ಕುಸಿಯುತ್ತದೆ, ಚೇತರಿಸಿಕೊಳ್ಳುತ್ತಿದೆ ಎಂದು ನಾವು ನೆಮ್ಮದಿಪಡುವ ಮೂರನೆಯ ಅಥವಾ ನಾಲ್ಕನೆಯ ದಿನದಲ್ಲಿ ಕುದುರೆ ಸತ್ತುಹೋಗಬಹುದು. ಮೊದಲ ಹತ್ತು ದಿನ ಕುದುರೆ ಮಸಾಲೆಯ ಒಣಸೊಪ್ಪನ್ನು ಸಣ್ಣ ಸಣ್ಣ ಪಾಲು ಮಾಡಿ, ನಾಲ್ಕರಿಂದ ಆರು ಗಂಟೆಗೊಮ್ಮೆ, ರಾತ್ರಿಯೂ ಎದ್ದು ಕೊಡುವುದು ಕ್ಷೇಮ. ಕುದುರೆಗೆ ವಾಂತಿ ಮಾಡಿಕೊಳ್ಳಲು ಆಗದು, ಹೊಟ್ಟೆಶೂಲೆ ಬಂದರೆ ನೆಲದಲ್ಲಿ ಹೊರಳಾಡುತ್ತದೆ, ಆ ಹೊತ್ತಿನಲ್ಲಿ ಒಂದು ಗಂಟೆಯೊಳಗೆ ಬರಬಲ್ಲ ಕುದುರೆ ವೈದ್ಯರು ನಿಮಗೆ ಗೊತ್ತಿರಲೇಬೇಕು.

ಹೊಸದಾಗಿ ಬಂದ ಕುದುರೆಯನ್ನು ಒಂದು ತಿಂಗಳಾದರೂ ಪ್ರತ್ಯೇಕ ಕೋಣೆಯಲ್ಲಿ, ಪ್ರತ್ಯೇಕ ಬಾನಿ ಮತ್ತು ಬ್ರಷ್ಷಿನೊಂದಿಗೆ ಇಡಿ. ಗ್ಲ್ಯಾಂಡರ್ಸ್ ರೋಗಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಅದು ಮನುಷ್ಯರಿಗೂ ಹರಡುವ, ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗ. ಅಂತಿಮ ದೃಢೀಕರಣ ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ನಡೆಯುತ್ತದೆ.

ಉತ್ತರ: ಮೈಸೂರು_ಲಾಯ

ನಾನು ಮೈಸೂರಿನ ಹೊರವಲಯದಲ್ಲಿ ಲಾಯ ನಡೆಸುತ್ತೇನೆ, ನಮ್ಮಲ್ಲೂ ರೇಸಿನಿಂದ ಬಂದ ಕುದುರೆಗಳಿವೆ. ವೈದ್ಯರು ಮೇವಿನ ವಿಚಾರ ಹೇಳಿದ್ದಾರೆ, ನಾನು ಆದಾಯದ ವಿಚಾರ ಹೇಳುತ್ತೇನೆ. ರಕ್ಷಿಸಿ ತಂದ ಕುದುರೆಯ ಮೇಲೆಯೇ ಮಕ್ಕಳನ್ನು ಕೂರಿಸಿ ಅದರ ಮೇವಿನ ಖರ್ಚು ಗಿಟ್ಟಿಸುವ ಯೋಜನೆಯನ್ನು ನಾನು ಒಪ್ಪುವುದಿಲ್ಲ.

ರೇಸ್ ಕುದುರೆಗೆ ಕಲಿಸಿರುವ ಪಾಠವೇ ಬೇರೆ. ಜಾಕಿ ಲಗಾಮನ್ನು ಗಿಡ್ಡ ಹಿಡಿದಷ್ಟೂ ಅದು ಕಡಿವಾಣಕ್ಕೆ ಬಾಯಿಕೊಟ್ಟು ಮುಂದಕ್ಕೆ ನುಗ್ಗುವುದನ್ನು ಎರಡು ವರ್ಷದ ಮರಿಯಿಂದಲೇ ರೂಢಿಸಿಕೊಂಡಿರುತ್ತದೆ. ಭಯಬಿದ್ದ ಹತ್ತು ವರ್ಷದ ಹುಡುಗಿ ಮಾಡುವುದೂ ಅದನ್ನೇ: ಲಗಾಮು ಜಗ್ಗಿ, ಕಾಲುಗಳಿಂದ ಪಕ್ಕೆ ಅವುಚಿಕೊಳ್ಳುತ್ತಾಳೆ. ಅವಳ ಪಾಲಿಗೆ ಅದು ನಿಲ್ಲು ಎಂಬ ಬೇಡಿಕೆ, ಕುದುರೆಯ ಪಾಲಿಗೆ ಓಡು ಎಂಬ ಆಜ್ಞೆ. ಹತ್ತುವಾಗಲೂ ಹಾಗೆಯೇ. ರೇಸಿನಲ್ಲಿ ಸೈಸ್ (ಕುದುರೆ ನೋಡಿಕೊಳ್ಳುವ ಆಳು) ಜಾಕಿಯ ಮೊಣಕಾಲ ಕೆಳಗೆ ಕೈಕೊಟ್ಟು, ಕುದುರೆ ನಡೆಯುತ್ತಿರುವಾಗಲೇ ಮೇಲಕ್ಕೆ ಎತ್ತಿಬಿಡುತ್ತಾನೆ. ಸವಾರ ಹತ್ತಲು ಕಟ್ಟಿದ ಕಟ್ಟೆಯ ಪಕ್ಕದಲ್ಲಿ ಅಲುಗಾಡದೆ ನಿಂತು ಸವಾರನಿಗೆ ಕಾಯುವುದನ್ನು ಆ ಕುದುರೆಗೆ ಹೊಸದಾಗಿ ಕಲಿಸಬೇಕು. ನಮ್ಮ ಒಂದು ಹೆಣ್ಣು ಕುದುರೆ ಕಟ್ಟೆಯನ್ನು ಕಂಡ ಕೂಡಲೇ ಹಿಂಭಾಗವನ್ನು ಆಚೆಗೆ ತಿರುಗಿಸಿಬಿಡುತ್ತಿತ್ತು. ಪ್ರತಿದಿನ ಸಂಜೆ ಅದನ್ನು ಕಟ್ಟೆಯ ಬಳಿ ತಂದು, ಯಾರೂ ಹತ್ತದೆ, ಕುತ್ತಿಗೆ ಸವರಿ, ಒಂದು ಹಿಡಿ ಸೊಪ್ಪು ಕೊಟ್ಟು ವಾಪಸು ಕಳುಹಿಸುತ್ತ ಹೋದ ಮೇಲೆಯೇ ಅದು ನಿಲ್ಲಲು ಒಪ್ಪಿತು. ಕೆಲವು ಕುದುರೆಗಳು ಹೀಗೆ ಒಳ್ಳೆಯ ಸವಾರಿ ಕುದುರೆಗಳಾಗುತ್ತವೆ. ಕಾಲು ತೀರಾ ಹಾಳಾದವು ಎಂದಿಗೂ ಆಗುವುದಿಲ್ಲ, ಅವು ಬದುಕಿರುವವರೆಗೆ ಬಯಲಿನಲ್ಲಿ ಸುಮ್ಮನೆ ಮೇಯಬೇಕು. ಗಟ್ಟಿ ಕುದುರೆಯಾದರೂ ಜೀನು ಸೇರಿ ತನ್ನ ತೂಕದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಹೊರಬಾರದು ಎಂಬುದನ್ನೂ ನೆನಪಿಡಿ.

ಹಾಗಾದರೆ ಹಣ ಎಲ್ಲಿಂದ ಬರಬೇಕು? ನಮ್ಮಲ್ಲಿ ಅದು ಮುಖ್ಯವಾಗಿ ಲಿವರಿಯಿಂದ ಬರುತ್ತದೆ. ಸ್ವಂತ ಕುದುರೆ ಇದ್ದು ಕಟ್ಟಲು ಜಾಗವಿಲ್ಲದ ನಗರದ ಮಾಲೀಕರು ತಿಂಗಳ ಬಾಡಿಗೆ ಕೊಟ್ಟು ಕುದುರೆಯನ್ನು ನಮ್ಮಲ್ಲಿ ಬಿಡುತ್ತಾರೆ. ಪಾಠಕ್ಕೆ ಬೇರೆಯದೇ ಆದ, ವಯಸ್ಸಾದ, ಶಾಂತ ಸ್ವಭಾವದ ಕುದುರೆಗಳೂ ಕುಳ್ಳ ಪೋನಿಗಳೂ ಇವೆ. ಗೊಬ್ಬರವನ್ನು ತೋಟದವರು ಕೊಂಡೊಯ್ಯುತ್ತಾರೆ, ಆದರೆ ಅದು ಕೈಖರ್ಚಿಗೆ ಮಾತ್ರ. ಹಣ ತರುವ ಮೂರು ಕುದುರೆಗೆ ಆಶ್ರಯದ ಒಂದು ಕುದುರೆ ಎಂಬುದು ನಾನು ಇಟ್ಟುಕೊಂಡಿರುವ ಮಿತಿ. ಅದನ್ನು ಮೀರಿದರೆ ಇರುವ ಕುದುರೆಗಳ ಹೊಟ್ಟೆಗೆ ಕೊರತೆಯಾಗುತ್ತದೆ. ಅಮೆರಿಕದ ಕೆಂಟಕಿಯಲ್ಲಿ 2003ರಲ್ಲಿ ಆರಂಭವಾದ ಓಲ್ಡ್ ಫ್ರೆಂಡ್ಸ್ ಎಂಬ ಆಶ್ರಯಧಾಮ ನಿವೃತ್ತ ರೇಸ್ ಕುದುರೆಗಳನ್ನು ನೋಡಲು ಬರುವ ಪ್ರವಾಸಿಗರಿಂದಲೂ ದಾನಿಗಳಿಂದಲೂ ನಡೆಯುತ್ತಿದೆ. ಅಲ್ಲಿ ಹೆಸರಾಂತ ಕುದುರೆಗಳಿಗೆ ಅಭಿಮಾನಿಗಳಿದ್ದಾರೆ, ಜೊತೆಗೆ 2012ರಿಂದ ನಿವೃತ್ತ ಕುದುರೆಗಳ ಪೋಷಣೆಗಾಗಿಯೇ ರೇಸ್ ಉದ್ಯಮ ಹಣ ಕೊಡುವ ಒಕ್ಕೂಟವೂ ಇದೆ. ಆ ಮಾದರಿಯನ್ನು ಇದ್ದ ಹಾಗೆಯೇ ಹಾರೋಹಳ್ಳಿಗೆ ತಂದರೆ ನಡೆಯಲಾರದು. ನಮ್ಮಲ್ಲಿಯೂ ಕುದುರೆ ಮಾಲೀಕರು ಮತ್ತು ಕ್ಲಬ್ಬುಗಳು ಪ್ರತಿ ಕುದುರೆಯ ಹೆಸರಿನಲ್ಲಿ ನಿವೃತ್ತಿ ನಿಧಿ ಕಟ್ಟಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರ: ಲೆಕ್ಕಪತ್ರ_ವಕೀಲ

ನೋಂದಣಿಯ ಪ್ರಶ್ನೆಗೆ ಚಿಕ್ಕದಾಗಿ ಉತ್ತರಿಸುತ್ತೇನೆ. ಎರಡು ಸಂಸ್ಥೆ ಮಾಡಿ, ಎರಡು ಬ್ಯಾಂಕ್ ಖಾತೆ ಇಡಿ. ಲಿವರಿ ಮತ್ತು ಪಾಠಗಳು ನಿಮ್ಮ ಹೆಸರಿನ ವ್ಯಾಪಾರವಾಗಿರಲಿ. ಆಶ್ರಯದ ಕುದುರೆಗಳು ಒಂದು ಟ್ರಸ್ಟಿನಲ್ಲಿ ಅಥವಾ 2013ರ ಕಂಪನಿ ಕಾಯ್ದೆಯ 8ನೆಯ ಸೆಕ್ಷನ್ನಿನ ಕಂಪನಿಯಲ್ಲಿರಲಿ. ಎರಡನ್ನೂ ಒಂದೇ ಟ್ರಸ್ಟಿನಲ್ಲಿ ಬೆರೆಸಿದರೆ ಪ್ರಾಣಿದಯೆಯಂತಹ ಉದ್ದೇಶದ ಸಂಸ್ಥೆಗೆ ವ್ಯಾಪಾರದ ಆದಾಯ ಒಟ್ಟು ಸ್ವೀಕೃತಿಯ ಶೇಕಡ 20ನ್ನು ಮೀರಬಾರದೆಂಬ ನಿಯಮ ಅಡ್ಡಬಂದು ತೆರಿಗೆ ವಿನಾಯಿತಿಯೇ ಕೈತಪ್ಪಬಹುದು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿಯನ್ನು ಪ್ರಾಣಿ ಕಲ್ಯಾಣಕ್ಕೆ ಕೊಡಲು ಅವಕಾಶವಿದೆ, ಆದರೆ ಸಾಮಾನ್ಯವಾಗಿ ಮೂರು ವರ್ಷದ ಕೆಲಸದ ದಾಖಲೆ ಇಲ್ಲದ ಸಂಸ್ಥೆಗೆ ಅದು ಸಿಗುವುದಿಲ್ಲ. ಮೊದಲ ವರ್ಷಗಳ ಲೆಕ್ಕದಲ್ಲಿ ಆ ಹಣವನ್ನು ಸೇರಿಸಬೇಡಿ. ಕೃಷಿ ಜಮೀನಿನಲ್ಲಿ ವಾಣಿಜ್ಯ ಲಾಯ ಕಟ್ಟುವ ಮೊದಲು ಭೂಪರಿವರ್ತನೆಯ ಬಗ್ಗೆ ತಾಲ್ಲೂಕು ಕಚೇರಿಯಲ್ಲಿ ಲಿಖಿತವಾಗಿ ಕೇಳಿ.

ಹಿಂಸೆಗೊಳಗಾದ ಕುದುರೆಯನ್ನು ಕಂಡಾಗ ನೀವಾಗಿ ಬಿಡಿಸಿಕೊಂಡು ಬರುವಂತಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಪೊಲೀಸರು ಪ್ರಕರಣ ದಾಖಲಿಸಿ ವಶಪಡಿಸಿಕೊಂಡರೆ, 2017ರ ನಿಯಮಗಳ ಪ್ರಕಾರ ಪ್ರಕರಣ ಮುಗಿಯುವವರೆಗೆ ಅದನ್ನು ಪ್ರಾಣಿ ಕಲ್ಯಾಣ ಸಂಸ್ಥೆಯ ಸುಪರ್ದಿಗೆ ಕೊಡಬಹುದು, ಸಾಕುವ ವೆಚ್ಚವನ್ನು ಮಾಲೀಕನಿಂದ ವಸೂಲು ಮಾಡಲೂ ಅವಕಾಶವಿದೆ. ಮರುಕಪಟ್ಟು ಹಣ ಕೊಟ್ಟು ಕೊಂಡುತಂದರೆ ಅದೇ ಹಣದಲ್ಲಿ ಆತ ಇನ್ನೊಂದು ಕುದುರೆ ತರುತ್ತಾನೆ. ರೇಸಿನ ಮಾಲೀಕರು ಕೊಡುವ ಕುದುರೆಯಾದರೆ ಕುದುರೆಯ ಗುರುತಿನ ಪಾಸ್‌ಪೋರ್ಟ್ ಪುಸ್ತಕ ಮತ್ತು ವರ್ಗಾವಣೆ ಪತ್ರ ಎರಡನ್ನೂ ಪಡೆಯಿರಿ, ಮತ್ತೆ ರೇಸಿಗೆ ಅಥವಾ ಮಾರಾಟಕ್ಕೆ ಬಿಡುವುದಿಲ್ಲ ಎಂಬ ಷರತ್ತನ್ನು ಬರೆಸಿಕೊಳ್ಳಿ.

ಮರುಪ್ರಶ್ನೆ: ಹಾರೋಹಳ್ಳಿ_ಬಯಲು

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಹತ್ತು ಕುದುರೆಗಳ ಯೋಚನೆ ಬಿಟ್ಟಿದ್ದೇನೆ. ಕೆಲಸ ಬಿಡದೆ ಮೊದಲು ನಾಲ್ಕು ಲಿವರಿ ಕೋಣೆಗಳು ಮತ್ತು ಆಶ್ರಯಕ್ಕೆ ಒಂದು ಕೋಣೆ ಕಟ್ಟಿಸಿ, ರೋಡ್ಸ್ ಹುಲ್ಲಿನ ಬಿತ್ತನೆ ಆರಂಭಿಸುತ್ತೇನೆ. ಕುದುರೆಗಳು ಒಂಟಿಯಾಗಿ ಇರಲಾರವು ಎಂದು ತಿಳಿದಿದ್ದೇನೆ, ಈ ಜೋಡಣೆಯಲ್ಲಿ ಆ ತೊಂದರೆಯೂ ಬಾರದು. ನಾನು ಕಚೇರಿಯಲ್ಲಿರುವಾಗ ನೋಡಿಕೊಳ್ಳಲು ಎಂತಹವರನ್ನು ನೇಮಿಸಿಕೊಳ್ಳಲಿ? ಖರ್ಚಿನ ಪಟ್ಟಿಯಲ್ಲಿ ಇನ್ನೇನಾದರೂ ಬಿಟ್ಟುಹೋಗಿದೆಯೇ?

ಉತ್ತರ: ಮೈಸೂರು_ಲಾಯ

ಸೈಸ್ ಇಲ್ಲದೆ ಲಾಯವಿಲ್ಲ, ಆದ್ದರಿಂದ ಅವರ ಸಂಬಳವನ್ನು ಮೇವಿನ ಖರ್ಚಿಗಿಂತ ಮೊದಲು ಬರೆದುಕೊಳ್ಳಿ. ಟಾಂಗಾ ಮತ್ತು ಜಟಕಾ ನಡೆಸಿದ ಮನೆತನಗಳಲ್ಲಿ ಇಂದಿಗೂ ಕುದುರೆಯ ಕಿವಿ ನೋಡಿಯೇ ಅದರ ಹೊಟ್ಟೆನೋವು ಹೇಳಬಲ್ಲವರಿದ್ದಾರೆ. ಗಾಡಿ ನಿಂತುಹೋಗಿ ಬೇರೆ ಕೂಲಿಗೆ ಹೋಗುತ್ತಿರುವ ಅಂತಹವರನ್ನು ಹುಡುಕಿ. 2015ರಲ್ಲಿ ಬಾಂಬೆ ಹೈಕೋರ್ಟ್ ಮುಂಬೈಯ ವಿಕ್ಟೋರಿಯಾ ಗಾಡಿಗಳನ್ನು ಕಾನೂನುಬಾಹಿರವೆಂದಾಗ ಅವನ್ನೇ ನಂಬಿದ್ದ ಕುಟುಂಬಗಳ ಪುನರ್ವಸತಿಯ ಪ್ರಶ್ನೆಯೂ ಎದ್ದಿತ್ತು. ಕುದುರೆಯನ್ನು ಕಾಪಾಡುವ ಕೆಲಸದಲ್ಲಿ ಕುದುರೆಯವರಿಗೂ ಜಾಗವಿರುವುದು ನ್ಯಾಯ. ಲಾಯದ ಹತ್ತಿರವೇ ಅವರಿಗೆ ವಾಸಕ್ಕೆ ಕೋಣೆ ಕಟ್ಟಿಸಿ, ವಿಮೆ ಮಾಡಿಸಿ.

ಪಟ್ಟಿಯಲ್ಲಿ ಬಿಟ್ಟುಹೋಗಿರುವುದು ಕೊನೆಗಾಲದ ಖರ್ಚು. ಕಾಲುಮೂಳೆ ಮುರಿದ ಅಥವಾ ಕರುಳು ತಿರುಚಿಕೊಂಡ ಕುದುರೆಯನ್ನು ನರಳಿಸದೆ ಕಳುಹಿಸಿಕೊಡಬೇಕಾದ ದಿನ ಬರುತ್ತದೆ, ಅಂದು ವೈದ್ಯರ ಶುಲ್ಕವೂ, ಗುಂಡಿ ತೋಡಲು ಜೆಸಿಬಿಯ ಬಾಡಿಗೆಯೂ ಕೈಯಲ್ಲಿರಬೇಕು. ಔಷಧ ಕೊಟ್ಟು ಸಾಯಿಸಿದ ದೇಹವನ್ನು ನಾಯಿ, ಹದ್ದುಗಳು ತಿಂದರೆ ಅವೂ ಸಾಯುತ್ತವೆ, ಹಾಗಾಗಿ ಗುಂಡಿ ಆಳವಾಗಿರಬೇಕು ಮತ್ತು ನಿಮ್ಮ ಕೊಳವೆಬಾವಿಯಿಂದ ದೂರವಿರಬೇಕು. ಆ ಜಾಗವನ್ನು ಲಾಯದ ನಕ್ಷೆ ಬರೆಸುವಾಗಲೇ ಗುರುತಿಸಿಬಿಡಿ. ಹುಲ್ಲಿನ ಬಿತ್ತನೆಗೆ ಮುಂಗಾರಿನ ಮೊದಲ ಮಳೆ ಒಳ್ಳೆಯದು. ಕಟ್ಟಡ ತಡವಾದರೂ ಚಿಂತೆಯಿಲ್ಲ, ಮೇವು ಬೆಳೆದು ಒಣಗಿ ಅಟ್ಟ ಸೇರಿದ ಮೇಲೆಯೇ ಮೊದಲ ಕುದುರೆಯನ್ನು ತನ್ನಿ.