17ನೇ ಅಂಕಿಗೆ ಬಂದರೆ ಶೇಷ 1 ಬರುತ್ತಿದೆ, ಏನು ತಪ್ಪು?

ಅಂಕಿಮನೆ: ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. 3608528850368400786036725 ಗೊತ್ತಲ್ವಾ? ಇದರ ಮೊದಲ ಎರಡು ಅಂಕಿ 2ರಿಂದ, ಮೊದಲ ಮೂರು 3ರಿಂದ, ಹೀಗೇ ಹೋಗಿ ಕೊನೆಗೆ ಇಡೀ 25 ಅಂಕಿ 25ರಿಂದ ಶೇಷವಿಲ್ಲದೆ ಭಾಗವಾಗಬೇಕು. ಮಗಳಿಗೆ ತೋರಿಸೋಣ ಅಂತ ಪ್ರೋಗ್ರಾಂ ಬರೆದೆ. 16ರವರೆಗೆ ಎಲ್ಲಾ 0. 17ಕ್ಕೆ ಬಂದ ಕೂಡಲೇ 1. ಸಂಖ್ಯೆಯೇ ತಪ್ಪಾ?

ತುಂಗಾತೀರ: ಕಾಪಿ ಮಾಡುವಾಗ ಅಂಕಿ ಬಿಟ್ಟುಹೋಗಿದೆ. ಮಧ್ಯದಲ್ಲಿ 8400786 ಅಂತ ಜೋಡಿ ಸೊನ್ನೆ ಇದೆ, ಅಲ್ಲೇ ತಪ್ಪುತ್ತದೆ ನೋಡಿ.

ಅಂಕಿಮನೆ: ಮೂರು ಸಲ ಎಣಿಸಿದೆ ಸಾರ್, 25 ಇವೆ.

ತುಂಗಾತೀರ: ಹಾಗಾದರೆ ಯಾವುದೋ ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ಓ ಅಕ್ಷರ ಕೂತಿರಬೇಕು. ಅಳಿಸಿ ಮತ್ತೆ ಕೈಯಲ್ಲೇ ಟೈಪ್ ಮಾಡಿ.

ಹಾವುಗಾರ: ನನ್ನ ಪೈಥಾನಿನಲ್ಲಿ 25ಕ್ಕೆ 25 ಸರಿ ಬಂತು. ಇಂಥ ಸಂಖ್ಯೆಗಳನ್ನೆಲ್ಲಾ ಒಂದಂಕಿಯಿಂದ ಶುರು ಮಾಡಿ ಹುಡುಕಿಸಿದೆ, ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು. ಹೋದ ತಿಂಗಳು ತಗೊಂಡ ಎಂಟು ಕೋರಿನ ಲ್ಯಾಪ್‌ಟಾಪ್, 32 ಜಿಬಿ ರ್‍ಯಾಮ್.

ಒಂಬತ್ತುಮನೆ: ಇದಕ್ಕೆ ಅಷ್ಟು ರ್‍ಯಾಮ್ ಯಾಕೆ ಬೇಕು? ನನಗಂತೂ 381654729 ಜಾಸ್ತಿ ಇಷ್ಟ. ಇದೇ ಗುಣ, ಜೊತೆಗೆ 1ರಿಂದ 9ರವರೆಗಿನ ಅಂಕಿಗಳು ಒಂದೊಂದೇ ಸಲ. ಅಂಥದ್ದು ಅದೊಂದೇ ಇರುವುದು.

ಹಾವುಗಾರ: ಅದು ಬರೀ ಒಂಬತ್ತು ಅಂಕಿ. ಇದು ಈ ಗುಣ ಇರುವವುಗಳಲ್ಲೇ ಅತಿ ದೊಡ್ಡದು.

ಒಂಬತ್ತುಮನೆ: ದೊಡ್ಡದಾದ ಮಾತ್ರಕ್ಕೆ ಚೆಂದವಾಗಬೇಕಿಲ್ಲ. 381654729 ಅನ್ನು ಕಾಗದದ ಮೇಲೆ ಪರೀಕ್ಷಿಸಬಹುದು.

ಶೇಷಗಣಿತ: ಅಂಕಿಮನೆಯವರೇ, ಯಾವ ಭಾಷೆಯಲ್ಲಿ ಬರೆದಿದ್ದೀರಿ ಅಂತ ಹೇಳಲೇ ಇಲ್ಲ. ಭಾಗಿಸುವ ಮೊದಲು ಆ 17 ಅಂಕಿಯನ್ನು ಸುಮ್ನೆ ಪ್ರಿಂಟ್ ಮಾಡಿ ನೋಡಿ.

ಅಂಕಿಮನೆ: ಜಾವಾಸ್ಕ್ರಿಪ್ಟ್, ಬ್ರೌಸರಿನಲ್ಲೇ. 36085288503684010 ಅಂತ ಬರುತ್ತಿದೆ! ನಾನು ಕೊಟ್ಟಿದ್ದು 007ರಲ್ಲಿ ಮುಗಿಯುತ್ತದೆ.

ಶೇಷಗಣಿತ: ಸಿಕ್ಕಿತು. ನಿಮ್ಮ ಸಂಖ್ಯೆ ಸರಿಯಾಗೇ ಇದೆ. ಜಾವಾಸ್ಕ್ರಿಪ್ಟಿನ ಸಾಮಾನ್ಯ ಸಂಖ್ಯೆಗಳು 9007199254740992 ದಾಟಿದ ಮೇಲೆ ಎಲ್ಲಾ ಪೂರ್ಣಾಂಕಗಳನ್ನೂ ಹಿಡಿದಿಡಲಾರವು. ನಿಮ್ಮ 17 ಅಂಕಿಯ ಸಂಖ್ಯೆ ಇರುವ ಜಾಗದಲ್ಲಿ ಎಂಟೆಂಟರ ಹೆಜ್ಜೆ, 8ರ ಗುಣಕಗಳಿಗೆ ಮಾತ್ರ ಜಾಗ. ಹಾಗಾಗಿ 007 ಹೋಗಿ 008 ಆಯಿತು, ಪ್ರಿಂಟ್ ಮಾಡುವಾಗ ಅದೇ 010 ಅಂತ ಕಾಣುತ್ತದೆ. ಒಂದು ಹೆಚ್ಚಾಯಿತು, ಆ ಒಂದೇ ನಿಮ್ಮ ಶೇಷ. 16ನೇ ಹೆಜ್ಜೆಯ 3608528850368400 ಮಿತಿಯೊಳಗೇ ಇತ್ತು, ಅದಕ್ಕೇ ಅಲ್ಲಿವರೆಗೆ ಸರಿ ಬಂತು. ಎಷ್ಟೇ ದೊಡ್ಡ ಪೂರ್ಣಾಂಕವನ್ನೂ ಹಿಡಿದಿಡುವ ಜಾವಾಸ್ಕ್ರಿಪ್ಟಿನ ಬಿಗ್‌ಇಂಟ್ ಬಳಸಿ. ಅಂಕಿಗಳನ್ನು ಸ್ಟ್ರಿಂಗ್ ಆಗಿಯೇ, ಅಂದರೆ ಉದ್ಧರಣ ಚಿಹ್ನೆಯೊಳಗಿನ ಪಠ್ಯವಾಗಿಯೇ ಅದಕ್ಕೆ ಕೊಡಿ, ಭಾಜಕವೂ ಬಿಗ್‌ಇಂಟ್ ಆಗಿರಲಿ, ಬಿಗ್‌ಇಂಟನ್ನೂ ಸಾಮಾನ್ಯ ಸಂಖ್ಯೆಯನ್ನೂ ಬೆರೆಸಿದರೆ ಎರರ್ ಬರುತ್ತದೆ. ಅದೂ ಬೇಡ ಅಂದರೆ ಹಳೆಯ ದಾರಿ ಇದೆ: ಶೇಷವನ್ನು 10ರಿಂದ ಗುಣಿಸಿ, ಮುಂದಿನ ಅಂಕಿ ಕೂಡಿಸಿ, ಮತ್ತೆ ಶೇಷ ತೆಗೆಯಿರಿ. ಸಂಖ್ಯೆ ಎಷ್ಟೇ ಉದ್ದ ಇರಲಿ, ಪುಟ್ಟ ಲೆಕ್ಕದಲ್ಲೇ ಮುಗಿಯುತ್ತದೆ.

ತುಂಗಾತೀರ: ಆದರೂ ಒಮ್ಮೆ ಕೈಯಲ್ಲಿ ಟೈಪ್ ಮಾಡಿ ನೋಡಿದ್ದರೆ ಒಳ್ಳೆಯದಿತ್ತು.

ಅಂಕಿಮನೆ: ಎರಡನೇ ದಾರಿ ಹಿಡಿದೆ, 25 ಸೊನ್ನೆ ಸಾಲಾಗಿ ಬಂದವು! ತುಂಬಾ ಥ್ಯಾಂಕ್ಸ್ ಸಾರ್. ಮಗಳು ಈಗ 26ನೇ ಅಂಕಿ ಯಾಕಿಲ್ಲ ಅಂತ ಕೇಳುತ್ತಿದ್ದಾಳೆ.

ಶೇಷಗಣಿತ: ಒಳ್ಳೆಯ ಪ್ರಶ್ನೆ. ಕೊನೆಗೆ 0 ಸೇರಿಸಿ 26ರಿಂದ ಭಾಗಿಸಿದರೆ 12 ಉಳಿಯುತ್ತದೆ. 26 ಆಗಲು ಇನ್ನೂ 14 ಬೇಕು. ಒಂದೇ ಅಂಕಿಯಲ್ಲಿ 9ರ ಮೇಲೆ ಹೋಗಲು ಆಗುವುದಿಲ್ಲ ಅಲ್ವಾ?

ಒಂಬತ್ತುಮನೆ: ಹನ್ನೆರಡರ ಪದ್ಧತಿಯಲ್ಲಿ ಬರೆದರೆ ಎಷ್ಟು ಅಂಕಿಯವರೆಗೆ ಹೋಗಬಹುದು? ಯಾರಾದರೂ ಓಡಿಸಿ ನೋಡಿದ್ದೀರಾ?