ಅಪ್‌ಡೇಟ್: 4070 ಬಿಟ್ಟು 4060 ಕೊಂಡೆ

1080ಪಿ, 60 ಹರ್ಟ್ಸ್ ಮಾನಿಟರ್‌ಗೆ ಆರ್‌ಟಿಎಕ್ಸ್ 4070 ಗ್ರಾಫಿಕ್ಸ್ ಕಾರ್ಡ್ ಬೇಕೇ, ಅದಕ್ಕಿಂತ ಕೆಳಗಿನ 4060 ಸಾಕೇ ಎಂದು ಈ ಹಿಂದೆ ಇಲ್ಲಿ ಕೇಳಿದ್ದೆ. ಕೊನೆಗೆ ಹಾಸನದ ಅಂಗಡಿಯೊಂದರಲ್ಲಿ 4060 ಕೊಂಡೆ. ‘ಮೊದಲು ಮಾನಿಟರ್ ನೋಡಿ’ ಎಂದವರಿಗೆ ಒಂದು ಫಿಲ್ಟರ್ ಕಾಫಿ ಬಾಕಿ. ಪರದೆ ಸೆಕೆಂಡಿಗೆ 60 ಬಾರಿಯಷ್ಟೇ ಬದಲಾಗುವಾಗ ಕಾರ್ಡ್ 120 ಫ್ರೇಮ್ ಸಿದ್ಧಪಡಿಸಿದರೂ ಅಷ್ಟೂ ಕಣ್ಣಿಗೆ ಬೀಳುವುದಿಲ್ಲ. ಹಳೆಯ ಕಾರ್ಡನ್ನೇ ಓವರ್‌ಕ್ಲಾಕ್ ಮಾಡುವ, ಅಂದರೆ ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವ ಸಲಹೆ ಫಲಿಸಲಿಲ್ಲ. ಫ್ಯಾನ್ ಕಿರುಚಿದ್ದೇ ಬಂತು.

ಅಚ್ಚರಿಯೆಂದರೆ, ಹೊಸ ಕಾರ್ಡ್ ಹಾಕಿದ ಮೇಲೂ ಆಟ ನಡುನಡುವೆ ತಡವರಿಸುತ್ತಿತ್ತು. ಒಂಟಿ 8 ಜಿಬಿ ರ‍್ಯಾಮ್ ಜೊತೆಗೆ ಅಂಥದ್ದೇ ಇನ್ನೊಂದನ್ನು, ಮದರ್‌ಬೋರ್ಡ್ ಕೈಪಿಡಿ ಹೇಳಿದ ಸ್ಲಾಟ್‌ನಲ್ಲೇ ಕೂರಿಸಿದೆ. ಡ್ಯುಯಲ್ ಚಾನೆಲ್ ಆಯಿತು, ಅಂದರೆ ಎರಡೂ ಒಟ್ಟಿಗೆ ಕೆಲಸ ಮಾಡತೊಡಗಿದವು, ತಡವರಿಕೆ ನಿಂತಿತು. 4070ಗೆ 200 ವ್ಯಾಟ್ ಬೇಕು, 4060ಗೆ 115. ಹಾಗಾಗಿ ಪವರ್ ಸಪ್ಲೈ ಬದಲಿಸಲಿಲ್ಲ. 1440ಪಿ, ಅಂದರೆ ಇನ್ನೂ ಹೆಚ್ಚು ಪಿಕ್ಸೆಲ್ ಇರುವ ಪರದೆಯವರು ಮಾತ್ರ ನನ್ನನ್ನು ಅನುಸರಿಸಬೇಡಿ, 4070ರ 12 ಜಿಬಿ ಮೆಮೊರಿ ನಿಮಗೆ ಉಪಯೋಗಕ್ಕೆ ಬರುತ್ತದೆ.