ಭಾವನ ಸ್ಥಿತಿ ಬಗ್ಗೆ, ಸುಮಾಗೂ ಗ್ರೂಪಿನ ಎಲ್ಲರಿಗೂ

ಸುಮಾ, ನಿನ್ನ ಮೆಸೇಜು ನೋಡಿದೆ ಪುಟ್ಟಾ. ಅದರ ಕೆಳಗೆ ಬಂದ ಉತ್ತರಗಳನ್ನೂ ನೋಡಿದೆ. ಅಪ್ಪ ಕಣ್ಣು ಬಿಟ್ಟಿದ್ದಾರೆ, ಆದರೆ ಡಾಕ್ಟರು ‘ವೆಜಿಟೇಟಿವ್ ಸ್ಟೇಟ್’ ಅಂದರು, ಹಾಗಂದರೆ ಎಲ್ಲಾ ಮುಗೀತಾ ಅಂತ ಕೇಳಿದ್ದೀಯ. ಮಂಜಣ್ಣ, ನೀನು ಅದೂ ಬ್ರೈನ್ ಡೆತ್ತೂ ಒಂದೇ ಅನ್ನುವ ಫಾರ್ವರ್ಡ್ ಹಾಕಿದ್ದೀಯ. ಗಿರಿಜತ್ತೆ, ನೀವು ವರ್ಷಗಟ್ಟಲೆ ಇದೇ ಸ್ಥಿತಿಯಲ್ಲಿ ಮಲಗಿದ್ದ ನರ್ಸ್ ಅರುಣಾ ಶಾನಭಾಗ್ ಹೆಸರು ತೆಗೆದಿದ್ದೀರಿ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ. ನಾನು ಫಿಸಿಯೋಥೆರಪಿ ಮಾಡೋದು ಇಂಥ ಪೇಷಂಟ್‌ಗಳಿಗೇ. ಹಾಗಾಗಿ ಸುಮ್ನೆ ಇರಲು ಆಗಲಿಲ್ಲ.

ಮೊದಲು ಬ್ರೈನ್ ಡೆತ್ ಮಾತು. ಇದು ಅದಲ್ಲ ಮಂಜಣ್ಣ. ಬ್ರೈನ್ ಡೆತ್ ಆದವರಿಗೆ ವೆಂಟಿಲೇಟರ್ ತೆಗೆದರೆ ಉಸಿರೇ ಇರುವುದಿಲ್ಲ, ಅದು ಸಾವು. ಭಾವ ಕತ್ತಿನ ಟ್ಯೂಬಿನಿಂದ ತಾವೇ ಉಸಿರಾಡುತ್ತಿದ್ದಾರೆ. ಬೆಳಿಗ್ಗೆ ಕಣ್ಣು ಬಿಡುತ್ತಾರೆ, ನಿದ್ದೆಯನ್ನೂ ಮಾಡುತ್ತಾರೆ. ಅಂದರೆ ಮೆದುಳಿನ ಬುಡದ ಭಾಗ, ಬ್ರೈನ್ ಸ್ಟೆಮ್, ಕೆಲಸ ಮಾಡುತ್ತಿದೆ. ಎಚ್ಚರ ಇದೆ, ಆದರೆ ಅರಿವು ಇರುವ ಗುರುತು ಕಾಣುತ್ತಿಲ್ಲ. ಇದು ಕೋಮಾನೂ ಅಲ್ಲ, ಕೋಮಾದಲ್ಲಿ ಕಣ್ಣು ಮುಚ್ಚೇ ಇರುತ್ತದೆ. ಈ ಸ್ಥಿತಿಗೆ ಈ ಹೆಸರು ಕೊಟ್ಟವರು ಜೆನೆಟ್ ಮತ್ತು ಪ್ಲಮ್ ಅನ್ನುವ ಇಬ್ಬರು ಡಾಕ್ಟರು, 1972ರಲ್ಲಿ. ಆ ಫಾರ್ವರ್ಡ್ ಡಿಲೀಟ್ ಮಾಡಿಬಿಡು, ಅಕ್ಕ ನೋಡುವುದು ಬೇಡ.

ಸುಮಾ, ನೀನು ಬರೆದಿದ್ದೀಯ, ಅಂಗೈಗೆ ಬೆರಳು ಇಟ್ಟರೆ ಅಪ್ಪ ಗಟ್ಟಿ ಹಿಡಿದುಕೊಳ್ಳುತ್ತಾರೆ, ಒಂದು ಸಲ ಕಣ್ಣೀರು ಬಂತು ಅಂತ. ಇದನ್ನು ಹೇಳಲು ನನಗೂ ಕಷ್ಟ. ಅಂಗೈ ಮುಟ್ಟಿದರೆ ಬೆರಳು ಮಡಚಿಕೊಳ್ಳುವುದು ತನ್ನಷ್ಟಕ್ಕೆ ಆಗುವ ಕ್ರಿಯೆ. ಕಣ್ಣೀರು, ಆಕಳಿಕೆ, ಹಲ್ಲು ಕಡಿಯುವುದು, ನರಳುವುದು, ಇವೂ ಅರಿವಿಲ್ಲದೆ ಬರಬಹುದು. ಹಿಡಿದದ್ದಕ್ಕಿಂತ, ‘ಅಪ್ಪಾ, ಕೈ ಬಿಡಿ’ ಅಂದಾಗ ಬಿಟ್ಟರಾ ಅನ್ನೋದು ನನಗೆ ಜಾಸ್ತಿ ಮುಖ್ಯ. ಅದೂ ಒಂದು ಸಲ ಸಾಲದು, ಮತ್ತೆ ಮತ್ತೆ ಬರಬೇಕು.

ಆದರೆ ಇದರ ಇನ್ನೊಂದು ಮಗ್ಗುಲೂ ಅಷ್ಟೇ ನಿಜ. ವೆಜಿಟೇಟಿವ್ ಅಂತ ಬರೆದವರಲ್ಲಿ ಸುಮಾರು 40 ಶೇಕಡಾ ಜನರಿಗೆ, ಸರಿಯಾಗಿ ಕೂತು ಪರೀಕ್ಷೆ ಮಾಡಿದರೆ, ಸ್ವಲ್ಪ ಅರಿವು ಇರುವುದು ಗೊತ್ತಾಗಿದೆ. 2009ರಲ್ಲಿ ಬಂದ ಅಧ್ಯಯನದ ಲೆಕ್ಕ ಅದು. ರೌಂಡ್ಸಿನಲ್ಲಿ ಬಂದು ‘ಕೈ ಎತ್ತಿ’ ಅಂತ ಹೇಳಿ, ಎರಡು ನಿಮಿಷಕ್ಕೆ ಹೊರಟರೆ ಅದು ಸಿಗುವುದಿಲ್ಲ. ಇದಕ್ಕೆ ಸಿಆರ್‌ಎಸ್-ಆರ್ ಅಂತ ಒಂದು ಪರೀಕ್ಷೆ ಇದೆ. ಶಬ್ದ, ನೋಟ, ಕೈಕಾಲು, ಬಾಯಿ, ಎಲ್ಲಾ ಒಂದೊಂದಾಗಿ ನೋಡುತ್ತಾರೆ, ಬೇರೆ ಬೇರೆ ದಿನ ನೋಡುತ್ತಾರೆ. ಅದರಲ್ಲಿ ನನಗೆ ತುಂಬಾ ನಂಬಿಕೆ ಇರುವುದು ಕನ್ನಡಿಯ ಭಾಗದಲ್ಲಿ. ಪೇಷಂಟಿನ ಮುಖದ ಮುಂದೆ ಕನ್ನಡಿ ಹಿಡಿದು, ನಿಧಾನ ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ಸರಿಸಬೇಕು. ಪೆನ್ನಿನ ಹಿಂದೆ, ಬೆರಳಿನ ಹಿಂದೆ ಹೋಗದ ಕಣ್ಣು ಎಷ್ಟೋ ಸಲ ತನ್ನದೇ ಮುಖದ ಹಿಂದೆ ಹೋಗುತ್ತದೆ. ಹಾಗೆ ಹೋದರೆ ಅದು ವೆಜಿಟೇಟಿವ್ ಅಲ್ಲ, ಒಂದು ಮೆಟ್ಟಿಲು ಮೇಲಿನ ಸ್ಥಿತಿ. ಅಲ್ಲಿಂದ ಮುಂದಕ್ಕೆ ಬರುವ ಸಾಧ್ಯತೆ ಜಾಸ್ತಿ.

ಇನ್ನೂ ಒಂದು ಇದೆ. 2006ರಲ್ಲಿ ಇಂಗ್ಲೆಂಡಿನಲ್ಲಿ 23 ವರ್ಷದ ಒಬ್ಬ ಹುಡುಗಿಗೆ, ಹೊರಗಿನಿಂದ ನೋಡಿದರೆ ಯಾವ ಪ್ರತಿಕ್ರಿಯೆಯೂ ಇರಲಿಲ್ಲ. ಸ್ಕ್ಯಾನರ್ ಒಳಗೆ ಮಲಗಿಸಿ ‘ಟೆನಿಸ್ ಆಡುತ್ತಿದ್ದೀಯ ಅಂದುಕೋ’ ಅಂದರು. ಆರೋಗ್ಯವಂತರಿಗೆ ಬೆಳಗುವ ಜಾಗವೇ ಅವಳ ಮೆದುಳಿನಲ್ಲೂ ಬೆಳಗಿತು. 2024ರಲ್ಲಿ ಹಲವು ದೇಶಗಳ ಆಸ್ಪತ್ರೆಗಳು ಸೇರಿ, ಮಾತಿಗೆ ಏನೂ ಪ್ರತಿಕ್ರಿಯೆ ತೋರದ 241 ಜನರನ್ನು ಸ್ಕ್ಯಾನ್ ಮತ್ತು ಇಇಜಿಯಲ್ಲಿ (ಮೆದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ) ನೋಡಿದರು. ಹೇಳಿದ ಮಾತಿಗೆ 60 ಜನರ ಮೆದುಳು ಕೆಲಸ ಮಾಡಿತು. ನಾಲ್ಕರಲ್ಲಿ ಒಬ್ಬರು! ಇಂಥ ಸ್ಕ್ಯಾನ್ ನಮಗೆ ಸುಲಭಕ್ಕೆ ಸಿಗುವಂಥದ್ದಲ್ಲ. ಆದರೆ ಅವರ ತಲೆಯ ಹತ್ತಿರ ನಿಂತು ‘ಇನ್ನೇನು ಉಳಿದಿದೆ’ ಅಂತ ಯಾರೂ ಮಾತಾಡಬೇಡಿ. ಕೇಳಿಸುತ್ತಿದೆ ಅಂತಲೇ ತಿಳಿದುಕೊಂಡು ಮಾತಾಡಿ.

ಗಿರಿಜತ್ತೆ, ಅರುಣಾ ನಮ್ಮ ಉತ್ತರ ಕನ್ನಡದ ಹಳದೀಪುರದವರು, ಅದಕ್ಕೇ ಆ ಹೆಸರು ನಮಗೆಲ್ಲ ಹತ್ತಿರ. 1973ರ ನವೆಂಬರಿನಿಂದ 2015ರ ಮೇ ತನಕ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲೇ ಇದ್ದರು. ಅಲ್ಲಿನ ನರ್ಸುಗಳು ತಮ್ಮ ಮನೆಯ ಮಗಳ ಹಾಗೆ ನೋಡಿಕೊಂಡರು. ಅವರನ್ನು ನೆನೆದರೆ ಈಗಲೂ ಕೈ ಮುಗಿಯಬೇಕು ಅನ್ನಿಸುತ್ತದೆ. ಆದರೆ ಅವರಿಗೆ ಆದದ್ದು ಬೇರೆ. ಹಲ್ಲೆ ಮಾಡಿದವನು ಕತ್ತು ಬಿಗಿದಿದ್ದರಿಂದ ಇಡೀ ಮೆದುಳಿಗೆ ಆಮ್ಲಜನಕ ನಿಂತಿತ್ತು. ಭಾವನದು ಬೈಕಿನಿಂದ ಬಿದ್ದ ಏಟು. ಈ ವ್ಯತ್ಯಾಸ ಸಣ್ಣದಲ್ಲ. 1994ರಲ್ಲಿ ಅಮೆರಿಕದ ವೈದ್ಯ ಸಂಘಗಳು ಲೆಕ್ಕ ಹಾಕಿದ್ದವು. ತಲೆಗೆ ಏಟು ಬಿದ್ದು ಒಂದು ತಿಂಗಳಾದರೂ ವೆಜಿಟೇಟಿವ್ ಇದ್ದ ದೊಡ್ಡವರಲ್ಲಿ, ವರ್ಷದೊಳಗೆ 100ಕ್ಕೆ 52 ಜನರಿಗೆ ಅರಿವು ಬಂತು. ಉಸಿರು, ಹೃದಯ ನಿಲ್ಲುವಂಥ, ಏಟಲ್ಲದ ಕಾರಣಕ್ಕೆ ಹೀಗಾದವರಲ್ಲಿ 15 ಜನಕ್ಕೆ ಮಾತ್ರ. ಭಾವನಿಗೆ ಈಗ ಐದು ವಾರ. ಇಷ್ಟು ಬೇಗ ಆಸೆ ಬಿಡುವುದು ತಪ್ಪು.

ಸುಮಾ, ನೀನು ದೊಡ್ಡವಳು, ಉಳಿದದ್ದನ್ನೂ ಹೇಳುತ್ತೇನೆ. ಆ 52ರಲ್ಲಿ 28 ಜನಕ್ಕೆ ಊಟ, ಸ್ನಾನಕ್ಕೆಲ್ಲ ಇನ್ನೊಬ್ಬರ ಕೈ ಬೇಕೇ ಬೇಕಾಯಿತು. ಚೆನ್ನಾಗಿ ಗುಣ ಆದವರು 7 ಜನ. ಒಟ್ಟು 100ರಲ್ಲಿ 33 ಜನ ವರ್ಷದೊಳಗೆ ತೀರಿಕೊಂಡರು. ಅಕ್ಕನಿಗೆ ‘ಎದ್ದು ಓಡಾಡುತ್ತಾರೆ’ ಅಂತ ಯಾರೂ ಮಾತು ಕೊಡಬೇಡಿ.

ಈಗ ಮಾಡಬೇಕಾದ್ದು. ಡಾಕ್ಟರ ಹತ್ತಿರ ಕೇಳು: ನಿದ್ದೆ ಬರಿಸುವ ಔಷಧಿ ಇನ್ನೂ ನಡೆಯುತ್ತಿದೆಯಾ, ತಲೆಯೊಳಗೆ ನೀರು ತುಂಬಿಕೊಂಡಿದೆಯಾ, ಹೊರಗೆ ಕಾಣದ ಫಿಟ್ಸ್ ಇದೆಯಾ ಅಂತ ಇಇಜಿ ನೋಡಿದ್ದಾರಾ? ಇವು ಮೂರೂ ಅರಿವನ್ನು ಮುಚ್ಚಿಡುತ್ತವೆ, ಮೂರಕ್ಕೂ ಚಿಕಿತ್ಸೆ ಇದೆ. ಅಮಾಂಟಡಿನ್ ಮಾತ್ರೆ ಬಗ್ಗೆಯೂ ಕೇಳು. 2012ರಲ್ಲಿ 184 ಜನರ ಮೇಲೆ ಪ್ರಯೋಗ ಆಗಿದೆ. ಏಟು ಬಿದ್ದ 4ರಿಂದ 16 ವಾರದೊಳಗೆ ಕೊಟ್ಟಾಗ ಚೇತರಿಕೆ ಬೇಗ ಆಯಿತು. ನಿಲ್ಲಿಸಿದ ಮೇಲೆ ಆ ವೇಗ ಕಮ್ಮಿಯಾಯಿತು. ಫಿಟ್ಸ್ ಇದ್ದರೆ ಹುಷಾರಾಗಿರಬೇಕು, ಅದನ್ನು ಅವರೇ ತೀರ್ಮಾನ ಮಾಡಲಿ.

ಸ್ಟೆಮ್ ಸೆಲ್ ಇಂಜೆಕ್ಷನ್ ಅಂತ ಯಾರೋ ನಂಬರ್ ಕೊಟ್ಟರಂತಲ್ಲ, ಅದಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ. ಇದಕ್ಕೆ ಅದು ಕೆಲಸ ಮಾಡುತ್ತದೆ ಅನ್ನಲು ಆಧಾರ ಇಲ್ಲ. ತೋಟ ಮಾರುವ ಮಾತು ಬೇಡವೇ ಬೇಡ. ಇನ್ನೊಬ್ಬರ ಅಭಿಪ್ರಾಯ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನ್ಯೂರೋ ರಿಹ್ಯಾಬ್ ವಿಭಾಗ ಇದೆ. ರಿಪೋರ್ಟುಗಳ ಜೊತೆ ಅಲ್ಲಿ ತೋರಿಸೋಣ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದಾರಾ ನೋಡು. ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಕೆಂಪಾಗಿದೆಯಾ ದಿನವೂ ನೋಡು. ಮೂಗಿನ ಟ್ಯೂಬಿಗೆ ಗಂಜಿ ಹಾಕುವಾಗ ತಲೆಯ ಕಡೆ ಎತ್ತರ ಇರಲಿ, ಆಮೇಲೂ ಸ್ವಲ್ಪ ಹೊತ್ತು ಹಾಗೇ ಇರಲಿ. ಹುಣ್ಣು, ನ್ಯುಮೋನಿಯಾ, ಮೂತ್ರದ ಸೋಂಕು, ಇಂಥವರನ್ನು ಕೆಡಿಸುವುದು ಇವೇ. ಬೆರಳು, ಮಣಿಕಟ್ಟು, ಪಾದ ಸೆಟೆದುಕೊಳ್ಳದಂತೆ ಮಾಡುವುದನ್ನು ನಾನೇ ಭಾನುವಾರ ಬಂದು ತೋರಿಸಿಕೊಡುತ್ತೇನೆ.

ಅಲ್ಲಿವರೆಗೆ ಒಂದು ನೋಟ್‌ಬುಕ್ ಇಡು. ಅಪ್ಪ ಚೆನ್ನಾಗಿ ಎಚ್ಚರ ಇರುವ ಹೊತ್ತಿನಲ್ಲಿ, ಟಿವಿ ಆಫ್ ಮಾಡಿ, ಒಬ್ಬರೇ ಮಾತಾಡಿ. ಒಂದೇ ಮಾತು ಹೇಳಿ, ಸ್ವಲ್ಪ ಹೊತ್ತು ಕಾಯಿರಿ. ಏನು ಹೇಳಿದಿರಿ, ಏನು ಮಾಡಿದರು, ಎಷ್ಟು ಹೊತ್ತಿಗೆ, ಅಷ್ಟನ್ನು ಬರೆ. ಏನಾದರೂ ಕಂಡರೆ ಫೋನಿನಲ್ಲಿ ವಿಡಿಯೋ ತೆಗೆದು ಡಾಕ್ಟರಿಗೆ ತೋರಿಸು. ಆ ಕನ್ನಡಿ ನಾನು ತರುತ್ತೇನೆ. ಅಕ್ಕನನ್ನು ಇವತ್ತು ರಾತ್ರಿ ಮನೆಗೆ ಕಳಿಸು, ಮಂಜಣ್ಣ ಅಲ್ಲಿ ಮಲಗಲಿ.